ಹುಬ್ಬಳ್ಳಿಯಿಂದ ಡೆಲ್ಲಿಗೆ ಮನಿ ಶಿಫ್ಟ್, ಅದೂ ಥಂಡಿ ದಿನದಾಗ: ಯಾವ ರೋಡ್ ಹಿಡೀಬೇಕು?

ಡಿಸೆಂಬರ್ ಬಂತಂದ್ರ ಡೆಲ್ಲಿ, ಗುರುಗ್ರಾಮ, ನೋಯ್ಡಾ ಕಡೆ ಟ್ರಾನ್ಸ್‌ಫರ್ ಆದವ್ರು ಒಬ್ರಿಲ್ಲಾ ಒಬ್ರು ಕೇಳೇ ಕೇಳ್ತಾರ, ಸಾಮಾನು ಪ್ಯಾಕರ್ಸ್‌ನವ್ರ ಲಾರ್‍ಯಾಗ ಹಾಕ್ತೇವಿ, ನಾವು ಕಾರ್ ತೊಗೊಂಡ ಹೋಗೂದಾದ್ರ ಯಾವ ರೋಡ್ ಚೊಲೋರಿ ಅಂತ. ಮ್ಯಾಪ್‌ನ್ಯಾಗ ಹಾಕಿದ್ರ ಅದು ನೀಲಿ ಗೆರಿ ಹಾಕಿ ಇಷ್ಟ ತಾಸು ಅಂತ ಹೇಳಿ ಕೈ ತೊಳಕೋತೈತಿ. ಬ್ಯಾಸಗ್ಯಾಗ ಆ ಗೆರಿ ನಂಬಬಹುದು. ಥಂಡ್ಯಾಗ ಮಾತ್ರ ಮೊದ್ಲ ನೋಡಬೇಕಾದ್ದು ಕಡೀ ಮುನ್ನೂರು-ನಾಕನೂರು ಕಿಲೋಮೀಟರ್, ಅಲ್ಲೆ ನಿಮ್ಮ ಗಾಡಿ ಎಷ್ಟು ಗಂಟೆಕ್ಕ ಇರ್ತೈತಿ ಅನ್ನೋದು. ಒಟ್ಟು ಕಿಲೋಮೀಟರ್, ಟೋಲು, ಮೈಲೇಜು ಎಲ್ಲಾ ಅದರ ಆಮ್ಯಾಲೆ. ಯಾಕಂದ್ರ ಮಂಜು ಬೀಳೂದು ಅಲ್ಲೆ, ಮತ್ತ ಅಷ್ಟೊತ್ತಿಗೆ ನೀವು ಮೂರ್ನಾಕು ದಿನ ಗಾಡಿ ಹೊಡದು ಹೈರಾಣ ಆಗಿರ್ತೀರಿ.

ನಮ್ಮ ಹುಬ್ಬಳ್ಳಿದು ಒಂದು ಮಜಾ ಐತಿ. ಎರಡು ದೊಡ್ಡ ಹೈವೇ ಇಲ್ಲೆ ಕೂಡ್ತಾವು. ಒಂದು ಎನ್‌ಎಚ್ 48, ಚೆನ್ನೈದಿಂದ ಡೆಲ್ಲಿ ತನಕ ಹೋಗೂದು, ಬೆಂಗಳೂರು-ಹಾವೇರಿ-ಹುಬ್ಬಳ್ಳಿ-ಬೆಳಗಾವಿ-ಪುಣೆ-ಮುಂಬೈ-ಅಹಮದಾಬಾದ್-ಉದಯಪುರ-ಜೈಪುರ. ಇನ್ನೊಂದು ಎನ್‌ಎಚ್ 52, ಅಂಕೋಲಾದಿಂದ ಶುರು ಆಗಿ ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಸಂಭಾಜಿನಗರ (ಹಳೇ ಔರಂಗಾಬಾದ್), ಧುಳೆ, ಇಂದೋರ್, ಕೋಟಾ, ಜೈಪುರ ಹಾಯ್ದು ಪಂಜಾಬದ ಸಂಗ್ರೂರ್ ತನಕ. ಅಂದ್ರ ಎಡಕ್ಕ ಹೋದ್ರೂ ಬಲಕ್ಕ ಹೋದ್ರೂ ಜೈಪುರದಾಗ ಮತ್ತ ಭೆಟ್ಟಿ. ಮೂರನೇದು ಎನ್‌ಎಚ್ 44, ನಾಗಪುರ-ಝಾನ್ಸಿ-ಗ್ವಾಲಿಯರ್-ಆಗ್ರಾ ಕಡೆದು, ಅದು ನಮ್ಮೂರು ಮುಟ್ಟೂದಿಲ್ಲ, ನಾವ ಹೋಗಿ ಹಿಡೀಬೇಕು. ಸುಮಾರು ಲೆಕ್ಕ ಹೇಳಬೇಕಂದ್ರ 52 ಹಿಡದ್ರ 1,900 ಕಿ.ಮೀ. ಆಜುಬಾಜು, 48 ಹಿಡದ್ರ 2,050ರ ಹತ್ರ, 44 ಕಡೆ ಹೋದ್ರೂ ಹೆಚ್ಚುಕಡಿಮಿ ಅಷ್ಟ.

ಗದಗದವ್ರು 52 ಹಿಡಿಯಾಕ ಹುಬ್ಬಳ್ಳಿಗೆ ಬರೂದ ಬ್ಯಾಡ, ನರಗುಂದಕ್ಕ ಹೋಗಿ ಕೂಡ್ರಿ. ಹಾವೇರಿಯವ್ರಿಗೆ 48 ಮನಿ ಮುಂದ ಐತಿ.

ಎನ್‌ಎಚ್ 52: ಹತ್ರದ ದಾರಿ, ಆದ್ರ ಮೊದಲನೇ ದಿನಾನ ಪರೀಕ್ಷೆ

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಗದ್ದನಕೇರಿ ಕ್ರಾಸ್, ಬೀಳಗಿ ಕ್ರಾಸ್, ಕೊಲ್ಹಾರ, ವಿಜಯಪುರ. ಈ ಎರಡನೂರು ಕಿಲೋಮೀಟರ್ ಹೆಚ್ಚುಕಡಿಮಿ ಟೂ ಲೇನ್. ಎರಿ ಭೂಮಿ ಆಗಿದ್ದಕ್ಕ ರೋಡ್ ಅಲ್ಲಲ್ಲೆ ಅಲೆ ಎದ್ದಂಗ ಆಗಿರತೈತಿ, ತುಂಬಿದ ಗಾಡಿ ಸ್ಪೀಡ್‌ನ್ಯಾಗ ಹೋದ್ರ ಹಿಂದಿನ ಸಾಮಾನೆಲ್ಲಾ ಒಮ್ಮೆ ಎದ್ದು ಕುಂತ ಬರತಾವು. ಅದು ಬಿಡ್ರಿ, ಥಂಡ್ಯಾಗ ಈ ರೋಡಿನ ಖರೇ ತ್ರಾಸು ಕಬ್ಬು. ನವೆಂಬರ್‌ದಿಂದ ಫ್ಯಾಕ್ಟರಿ ಚಾಲೂ ಆಗಿರ್ತಾವು, ಬಾಗಲಕೋಟಿ-ವಿಜಯಪುರ ಭಾಗದಾಗ ಹಗಲು ರಾತ್ರಿ ಅನ್ನಲಾರದ ಟ್ರ್ಯಾಕ್ಟರ್ ಓಡ್ತಾವು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡೂ ಕಡೆ ಕಬ್ಬಿನ ತುದಿ ಒಂದೊಂದು ಮೊಳ ಹೊರಗ ಚಾಚಿರ್ತಾವು, ಮುಂದಿನ ಎರಡು ಲೈಟಿನಾಗ ಒಂದು ಉರೀತಿರತೈತಿ, ನಿಮಗ ಎದುರಿಗೆ ಬೈಕ್ ಬರಾಕತ್ತೈತಿ ಅನಿಸ್ತೈತಿ. ಹಿಂದ ಲೈಟ್ ಇಲ್ಲ. ರಿಫ್ಲೆಕ್ಟರ್ ಹಚ್ಚಿರ್ತಾರ, ಅದರ ಮ್ಯಾಲೆ ಧೂಳು, ಇಲ್ಲಂದ್ರ ಕಬ್ಬಿನ ರವದಿ ಜೋತು ಬಿದ್ದು ಮುಚ್ಚಿರತೈತಿ. ಏರು ಬಂದಲ್ಲೆ ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲಾ ಬಿಟ್ಟು ಏಳ್ತಾವು, ಗಾಡಿ ನಡಕೊಂಡ ಹೋಗೋ ಮನಷ್ಯಾನ ಸ್ಪೀಡಿಗೆ ಬರತೈತಿ, ಒಳಗ ಡ್ರೈವರ್ ಹಚ್ಚಿದ ಹಾಡಿನ ಸೌಂಡಿಗೆ ನಿಮ್ಮ ಹಾರ್ನ್ ಅವಗ ಕೇಳೂದ ಇಲ್ಲ. ಡಿಪ್ಪರ್ ಹೊಡೀರಿ, ಅವನ ಕೈ ಸನ್ನಿ ಬರೂತನ ಕಾಯ್ರಿ, ಆಮ್ಯಾಲೆ ದಾಟ್ರಿ. ನಾನ್ ಹೇಳೂದಂದ್ರ ಹುಬ್ಬಳ್ಳಿ ಬಿಡೂದು ಬೆಳಕ ಹರದ ಮ್ಯಾಲ. ನಸುಕಿನ ಮೂರಕ್ಕ ಎದ್ದು ಹೊಂಟ್ರ ಟೈಮ್ ಉಳೀತೈತಿ ಅನ್ನೋ ನಮ್ಮ ಮಂದಿ ಲೆಕ್ಕ ಈ ರೋಡಿಗೆ, ಈ ಸೀಸನ್‌ನ್ಯಾಗ ಹೊಂದೂದಿಲ್ಲ.

ವಿಜಯಪುರ ದಾಟಿದ್ರ ಸೊಲ್ಲಾಪುರ ತನಕ ಫೋರ್ ಲೇನ್, ಅಲ್ಲಿಂದ ತುಳಜಾಪುರ, ಧಾರಾಶಿವ್, ಬೀಡ್ ಹಾಯ್ದು ಸಂಭಾಜಿನಗರ ತನಕಾನೂ ಫೋರ್ ಲೇನ್, ಗಾಡಿ ತಾನ ಓಡ್ತೈತಿ. ಸಂಕ್ರಾಂತಿ ವಾರದಾಗ ವಿಜಯಪುರದಾಗೂ ಸಿದ್ಧೇಶ್ವರ ಜಾತ್ರಿ, ಸೊಲ್ಲಾಪುರದಾಗೂ ಸಿದ್ಧರಾಮೇಶ್ವರನ ಜಾತ್ರಿ, ಊರೊಳಗ ಹೋಗೋ ಉಸಾಬರಿ ಬ್ಯಾಡ, ಬೈಪಾಸ್ ಹಿಡೀರಿ. ಹಿಂದಿನ ಸೀಟಿನ್ಯಾಗ ಅವ್ವ ಕುಂತಿದ್ರ ತುಳಜಾಪುರದಾಗ ಅಂಬಾಭವಾನಿ ದರ್ಶನ ಇಲ್ಲದ ಗಾಡಿ ಮುಂದ ಹೋಗೂದಿಲ್ಲ, ಅದಕ್ಕೊಂದು ಎರಡು ತಾಸು ಮೊದ್ಲ ಲೆಕ್ಕದಾಗ ಹಿಡೀರಿ, ಆಮ್ಯಾಲೆ ಆ ಟೈಮ್ ವಸೂಲ್ ಮಾಡಾಕ ಹೋಗಿ ರಾತ್ರಿ ಓಡಸೂದು ಬ್ಯಾಡ. ಮೊದಲನೇ ರಾತ್ರಿ ಬೀಡ್‌ದಾಗ ನಿಂತ್ರ ಆರಾಮ, ಸಂಭಾಜಿನಗರ ಮುಟ್ಟತೇನಿ ಅಂದ್ರ ಆರನೂರು ಕಿಲೋಮೀಟರ್ ಆಗತೈತಿ, ಒಬ್ಬರ ಡ್ರೈವರ್ ಇದ್ರ ಬ್ಯಾಡ್ರಿ.

ಸಂಭಾಜಿನಗರ ದಾಟಿದ ಮ್ಯಾಲೆ ಒಂದು ಊರು ಬರತೈತಿ, ಹೆಸರ ಕನ್ನಡ, ಬೋರ್ಡ್ ಮುಂದ ಎಲ್ಲಾರೂ ಫೋಟೋ ತೆಗಸ್ಕೋತಾರ, ನೀವೂ ತೆಗಸ್ಕೋರಿ. ಅದರ ಮುಂದ ಚಾಳೀಸಗಾವ್ ಕಡೆ ಇಳಿಯೋ ಔಟ್ರಾಮ್ ಘಾಟ್. ಇಕ್ಕಟ್ಟಿನ ಘಾಟ್, ಜಾಮ್ ಆಗಿ ಆಗಿ ಬ್ಯಾಸತ್ತು ಕೋರ್ಟ್ ಆದೇಶದ ಮ್ಯಾಲೆ 2023ರಾಗ ದೊಡ್ಡ ಗಾಡಿಗಳನ್ನ ಬಂದ್ ಮಾಡಿದ್ರು. ಕಾರಿಗೆ ಇದರಿಂದ ಲಾಭ ಆತು, ಲಾರಿ ಹಿಂದ ತೆವಳೂದು ತಪ್ಪಿತು. ಆದ್ರ ನಿಮ್ಮ ಸಾಮಾನಿನ ಲಾರಿ ಈ ದಾರಿಗೆ ಬರೂದಿಲ್ಲ, ಸುತ್ತು ಹಾಕಿ ಹೋಗತೈತಿ. "ಲಾರಿ ಹಿಂದನ ನಾವೂ ಹೋಗೂಣು, ಸಾಮಾನು ಕಣ್ಣ ಮುಂದ ಇರತೈತಿ" ಅಂತ ಪ್ಲಾನ್ ಮಾಡಿದ್ರ ಇಲ್ಲೆ ಮುರೀತೈತಿ.

ಧುಳೆಯಿಂದ ಇಂದೋರ್ ಹಳೇ ಆಗ್ರಾ-ಮುಂಬೈ ರೋಡ್, ಈಗ ಚಂದ ಫೋರ್ ಲೇನ್. ಸೇಂಧವಾ ಹತ್ರ ಬಿಜಾಸನ್ ಘಾಟ್, ನರ್ಮದಾ ದಾಟಿದ ಮ್ಯಾಲೆ ಗಣಪತಿ ಘಾಟ್. ಎದುರಿಂದ ಇಳಿಯೋ ಲಾರಿ ಬ್ರೇಕ್ ಫೇಲ್ ಆಗಿ ಡಿವೈಡರ್ ದಾಟಿ ಈ ಕಡೆ ಬಂದ ಕೇಸು ಆ ಘಾಟಿನ್ಯಾಗ ಹಿಂದ ಭಾಳ ಆಗಿದ್ದವು, 2024ರ ಕಡೀಕೆ ಇಳಿಯೋ ಗಾಡಿಗೆ ಬ್ಯಾರೆ ರೋಡ್ ಮಾಡಿದ್ರು, ಆದ್ರೂ ಬಲಗಡೆ ಡಿವೈಡರಿಗೆ ಹತ್ತಿಕೊಂಡ ಹೋಗಬ್ಯಾಡ್ರಿ, ಎಡಗಡೆ ಲೇನ್‌ದಾಗ ಇರ್ರಿ. ಇಂದೋರದಾಗ ಎರಡನೇ ರಾತ್ರಿ. ಮೂರನೇ ದಿನ ದೇವಾಸ್, ಬಿಯಾವರಾ, ಅಲ್ಲಿಂದ ಎಡಕ್ಕ ಹೊಳ್ಳಿ ರಾಜಗಢ, ಝಾಲಾವಾಡ, ಕೋಟಾ. ಝಾಲಾವಾಡ-ಕೋಟಾ ನಡುವ ದರಾ ಅಂತ ಒಂದು ಇಕ್ಕಟ್ಟಿನ ಕಣಿವಿ, ಮುಕುಂದರಾ ಕಾಡಿನ ನಡುವಿಂದು, ಅಲ್ಲೆ ಒಂದು ಲಾರಿ ಕೆಟ್ಟು ನಿಂತ್ರ ತಾಸಾನುಗಟ್ಟಲೆ ಜಾಮ್. ಮಧ್ಯಾಹ್ನದೊಳಗ ಅದನ್ನ ದಾಟೂ ಹಂಗ ನೋಡ್ಕೋರಿ. ಕೋಟಾದಾಗ ಹೋಟೆಲಿಗೆ ಏನೂ ಕೊರತಿ ಇಲ್ಲ, ಕೋಚಿಂಗ್ ಊರು. ಕೋಟಾದಿಂದ ಬೂಂದಿ, ಟೋಂಕ್, ಜೈಪುರ, ರೋಡ್ ಬಗ್ಗೆ ಮಾತಿಲ್ಲ.

ಎನ್‌ಎಚ್ 48: ದೂರ, ಗದ್ದಲ, ಆದ್ರ ಒಬ್ಬಂಟಿ ಅನಸೂದಿಲ್ಲ

48ರ ದೊಡ್ಡ ಗುಣ ಅಂದ್ರ ಎಲ್ಲೆ ನಿಂತ್ರೂ ಅರ್ಧಾ ತಾಸಿನೊಳಗ ಗ್ಯಾರೇಜು, ದವಾಖಾನಿ, ಚೊಲೋ ಹೋಟೆಲ್ ಸಿಗತಾವು. ಸಣ್ಣ ಕೂಸು ಇದ್ದವ್ರಿಗೆ, ಬಿಪಿ-ಶುಗರ್ ಇದ್ದ ಹಿರ್‍ಯಾರನ್ನ ಕರಕೊಂಡ ಹೋಗಾವ್ರಿಗೆ ಇದು ಸಣ್ಣ ಮಾತಲ್ಲ. ಧಾರವಾಡ ಬೈಪಾಸ್ ದಾಟಿ ಕಿತ್ತೂರು, ಬೆಳಗಾವಿ, ನಿಪ್ಪಾಣಿ ಹತ್ರ ತವಂದಿ ಘಾಟ್, ಕೊಲ್ಹಾಪುರ. ಕಾಗಲ್ ದಾಟಿದ ಮ್ಯಾಲೆ ಸಾತಾರಾ ತನಕ ಆರು ಲೇನ್ ಮಾಡೋ ಕೆಲಸ ವರ್ಷಾನುಗಟ್ಟಲೆ ನಡದೈತಿ, ಎಲ್ಲೆ ಡೈವರ್ಶನ್ ಇರತೈತಿ ಅಂತ ಹೇಳಾಕ ಬರೂದಿಲ್ಲ, ಕತ್ತಲದಾಗ ಆ ಡೈವರ್ಶನ್ ಬೋರ್ಡ್ ಕಾಣೂದ ಇಲ್ಲ. ಕಬ್ಬಿನ ಟ್ರ್ಯಾಕ್ಟರ್ ಇಲ್ಲೂ ಅದಾವು, ಕೊಲ್ಹಾಪುರ ಸಾಂಗಲಿ ಅಂದ್ರ ಕಬ್ಬಿನ ತವರ, ಆದ್ರ ರೋಡ್ ಅಗಲ ಇರೂದಕ್ಕ ದಾಟಾಕ ಸಸಾರ.

ಸಾತಾರಾ-ಪುಣೆ ನಡುವ ಎರಡು ಜಾಗ ನೆನಪಿಟ್ಕೋರಿ. ಒಂದು ಖಂಬಾಟಕಿ. ನಮ್ಮ ಕಡೆಯಿಂದ ಹೋಗಾವ್ರಿಗೆ ಹಳೇ ಸುರಂಗ ಮುಗದ ಕೂಡ್ಲೆ ಇಳಕಲದಾಗ ಎಸ್ ಆಕಾರದ ತಿರುವು, ಎಷ್ಟೋ ಗಾಡಿ ಅಲ್ಲೆ ಉರುಳ್ಯಾವು, ಆ ತಿರುವು ತಪ್ಪಸಾಕಂತನ ಹೊಸಾ ಸುರಂಗ ಕೊರದದ್ದು. ಇನ್ನೊಂದು ಪುಣೆ ಬಾಗಲದಾಗ, ಹೊಸಾ ಕಾತ್ರಜ್ ಸುರಂಗದಿಂದ ನವಲೆ ಬ್ರಿಡ್ಜ್ ತನಕ ಉದ್ದಾನುದ್ದ ಇಳಕಲು. ಡೀಸೆಲ್ ಉಳಸಾಕ ಲಾರಿಯವ್ರು ನ್ಯೂಟ್ರಲ್ ಹಾಕಿ ಬಿಡ್ತಾರ, ಬ್ರೇಕ್ ಕಾದು ಕೈ ಕೊಡ್ತೈತಿ, ಮುಂದಿದ್ದ ಕಾರಿನ ಗತಿ ಪೇಪರ್‌ನ್ಯಾಗ ಓದೇ ಇರ್ತೀರಿ. ಅಲ್ಲೆ ಕನ್ನಡಿ ನೋಡ್ಕೋತ ಇಳೀರಿ, ಹಿಂದ ಲೋಡ್ ಲಾರಿ ಇದ್ರ ಅದನ್ನ ಮುಂದ ಬಿಟ್ಟಬಿಡ್ರಿ.

ಪುಣೆಯಿಂದ ಎಕ್ಸ್‌ಪ್ರೆಸ್‌ವೇ ಹಿಡದು ಕಳಂಬೋಲಿ ತನಕ ಸುಖ. ಆಮ್ಯಾಲೆ ಠಾಣೆ, ಘೋಡಬಂದರ್ ರೋಡ್, ವಸಈ. ಈ ತುಣುಕು ದಾಟಾಕ ಎಷ್ಟು ತಾಸು ಹಿಡೀತೈತಿ ಅನ್ನೋದು ನಿಮ್ಮ ಪುಣ್ಯದ ಮ್ಯಾಲೆ ಐತಿ. ಸೋಮವಾರ ಮುಂಜಾನೆ, ಶುಕ್ರವಾರ ಸಂಜಿ ಬ್ಯಾಡ್ರಿ, ರವಿವಾರ ಮುಂಜಾನೆ ಚೊಲೋ. ಮುಂಬೈ ತಪ್ಪಸಬೇಕು, ಔಟ್ರಾಮ್ ಘಾಟೂ ಬ್ಯಾಡ ಅನ್ನೋರಿಗೆ ನಡುವಿಂದು ಒಂದು ದಾರಿ ಐತಿ: ಪುಣೆಯಿಂದ ನಾಶಿಕ್, ಅಲ್ಲಿಂದ ಧುಳೆ, ಮುಂದ 52. ಮೊದಲನೇ ದಿನ 48ರ ಅಗಲ ರೋಡ್ ಸಿಗತೈತಿ, ವಿಜಯಪುರ ಕಡೆದ ಟೂ ಲೇನ್ ಮತ್ತ ಟ್ರ್ಯಾಕ್ಟರ್ ತಪ್ಪತಾವು. ಪುಣೆ-ನಾಶಿಕ್ ರೋಡಿನ ಚಾಕಣ ಟ್ರಾಫಿಕ್ ಮಾತ್ರ ತಲಿ ಚಿಟ್ಟ ಹಿಡಸ್ತೈತಿ.

ಗುಜರಾತ್ ಬಗ್ಗೆ ಹೇಳೂದೇನೂ ಇಲ್ಲ, ರೋಡ್ ಚೊಲೋ, ಟ್ರಾಫಿಕ್ ಜಾಸ್ತಿ, ವಡೋದರಾ-ಅಹಮದಾಬಾದ್ ಎಕ್ಸ್‌ಪ್ರೆಸ್‌ವೇ ಒಂದು ತಾಸಿನ ಕೆಲಸ. ಜನವರಿ 14ಕ್ಕ ಅಲ್ಲೆ ಗಾಳಿಪಟದ ಹಬ್ಬ, ಅವತ್ತು ಅಹಮದಾಬಾದ್ ಒಳಗ ರೂಮ್ ಹುಡುಕಾಕ ಹೋಗಬ್ಯಾಡ್ರಿ. ಶಾಮಲಾಜಿ ದಾಟಿ ಉದಯಪುರ, ಅಲ್ಲಿಂದ ಚಿತ್ತೋಡಗಢ, ಭೀಲವಾಡಾ, ಕಿಶನಗಢ, ಜೈಪುರ. ಕಿಶನಗಢದ ಹತ್ರ ಮಾರ್ಬಲ್ ಲಾರಿ ಸಾಲ ಹಚ್ಚಿರ್ತಾವು. ಈ ದಾರ್‍ಯಾಗ ಉದಯಪುರ ತನಕ ದಟ್ಟ ಮಂಜು ಅಪರೂಪ, ಮುಂಜಾನೆ ಚುಮುಚುಮು ಥಂಡಿ ಅಷ್ಟ. ಒಟ್ಟು ಐದು ದಿನ ಇಟ್ಕೋರಿ, ಪುಣೆ, ವಡೋದರಾ, ಉದಯಪುರ, ಜೈಪುರ ನಾಕು ವಸ್ತಿ. 52ಕ್ಕ ನಾಕು ದಿನ ಸಾಕಾಗತಾವು, ಆದ್ರ ಜೈಪುರದಾಗ ಒಂದು ರಾತ್ರಿ ಹೆಚ್ಗಿ ಹಾಕಿ ಅದನ್ನೂ ಐದು ಮಾಡ್ರಿ ಅಂತನ ನಾ ಹೇಳೂದು, ಯಾಕ ಅಂತ ಕೆಳಗ ಬರೀತೇನಿ.

ಎನ್‌ಎಚ್ 44: ನೋಯ್ಡಾದವ್ರಿಗೆ ಆಸೆ ಹಚ್ಚೋ ರೋಡ್

ಸಂಭಾಜಿನಗರ ತನಕ 52ರಾಗ ಹೋಗಿ, ಅಲ್ಲೆ ಸಮೃದ್ಧಿ ಮಹಾಮಾರ್ಗ (ಮುಂಬೈ-ನಾಗಪುರ ಎಕ್ಸ್‌ಪ್ರೆಸ್‌ವೇ) ಹತ್ತಿ ನಾಗಪುರ, ಆಮ್ಯಾಲೆ ಸಿವನಿ, ಸಾಗರ, ಝಾನ್ಸಿ, ಗ್ವಾಲಿಯರ್, ಆಗ್ರಾ, ಯಮುನಾ ಎಕ್ಸ್‌ಪ್ರೆಸ್‌ವೇ. ಗದಗ-ಕೊಪ್ಪಳದವ್ರು ರಾಯಚೂರು-ಹೈದರಾಬಾದ್ ಮ್ಯಾಲಿಂದ ನಾಗಪುರಕ್ಕ ಹೋಗಬಹುದು. ಸಮೃದ್ಧಿ 701 ಕಿ.ಮೀ. ಪೂರ್ತಿ 2025ರ ಜೂನ್‌ದಾಗ ಓಪನ್ ಆತು. ಓಡಸಾಕ ಎಷ್ಟು ಸಸಾರ ಅಂದ್ರ ಅದ ಅದರ ಕೆಟ್ಟ ಗುಣ, ಸೀದಾ ರೋಡ್, ನೋಡಾಕ ಏನೂ ಇಲ್ಲ, ಕಣ್ಣ ಎಳೀತಾವು, ಸಿಮೆಂಟ್ ರೋಡಿಗೆ ಸವದ ಟೈರ್ ಒಡೀತಾವು. ಸಾಮಾನು ತುಂಬಿದ ಗಾಡಿಗೆ ಫುಲ್ ಲೋಡಿಂದು ಎಷ್ಟು ಗಾಳಿ ಅಂತ ಡ್ರೈವರ್ ಬಾಗಲದ ಸ್ಟಿಕರ್ ಮ್ಯಾಲೆ ಬರದಿರತೈತಿ, ಅಷ್ಟ ಹಾಕಸ್ರಿ, ಪಂಕ್ಚರ್ ಅಂಗಡಿಯವ ಅಂದಾಜಿಗೆ ಹಾಕಿದ್ದು ಬ್ಯಾಡ. ನಾಗಪುರ ದಾಟಿ ಪೇಂಚ್ ಕಾಡಿನ್ಯಾಗ ರೋಡನ್ನ ಎತ್ತರಿಸಿ ಕೆಳಗ ಹುಲಿ-ಜಿಂಕಿಗೆ ದಾರಿ ಬಿಟ್ಟಾರ, ಹುಡುಗ್ರಿಗೆ ತೋರಸ್ರಿ.

ಆದ್ರ ಈ ರೋಡ್ ಮಂಜಿನ ಸೀಮಿಯೊಳಗ ಎಲ್ಲಾಕ್ಕಿಂತ ಲಗೂ ಹೊಕ್ಕು ಎಲ್ಲಾಕ್ಕಿಂತ ಹೆಚ್ಚು ದೂರ ಅದರಾಗ ಓಡ್ತೈತಿ. ಝಾನ್ಸಿ-ಗ್ವಾಲಿಯರ್‌ದಾಗ ಶುರು, ಚಂಬಲ್ ದಾಟಿ ಆಗ್ರಾ, ಮಥುರಾ, ಡೆಲ್ಲಿ ತನಕ ನಾಕನೂರು ಕಿಲೋಮೀಟರ್ ಮ್ಯಾಲೆ. ಯಮುನಾ ಎಕ್ಸ್‌ಪ್ರೆಸ್‌ವೇದಾಗ ಡಿಸೆಂಬರ್ 15ರಿಂದ ಫೆಬ್ರುವರಿ 15ರ ತನಕ ಕಾರಿನ ಸ್ಪೀಡ್ ಲಿಮಿಟ್ 100ರಿಂದ 75ಕ್ಕ ಇಳಸ್ತಾರ, ಸುಮ್ನ ಅಲ್ಲ. ಜೈಪುರ ಕಡೆಯಿಂದ ಬಂದ್ರ ಅದ ಮಂಜಿನ ತುಣುಕು ಸುಮಾರು 270 ಕಿ.ಮೀ., ಹಗಲಿನ ಐದಾರು ತಾಸಿನ್ಯಾಗ ಮುಗೀತೈತಿ. ನಾಕನೂರು ಕಿಲೋಮೀಟರ್ ಹಗಲ ಬೆಳಕಿನ್ಯಾಗ ಮುಗಸೂದು ಥಂಡ್ಯಾಗ ಆಗೂದಿಲ್ಲ, ಅಲ್ಲೆ ಸಂಜಿ ಐದೂವರಿಗೆ ಹೊತ್ತು ಮುಳಗತೈತಿ, ನಮ್ಮಲ್ಲಿಗಿಂತ ಅರ್ಧಾ ತಾಸಿನ ಮ್ಯಾಲೆ ಲಗೂ.

ಮಂಜು ಅಂದ್ರ ಏನು ಅಂತ ನಮಗ ಗೊತ್ತಿಲ್ಲ ಖರೇ

ಧಾರವಾಡದಾಗ ಮುಂಜಾನೆ ಬೀಳೋ ಇಬ್ಬನಿ, ದಾಂಡೇಲಿ ಕಡೆ ಹೋಗಾಗ ಕಾಣೋ ಮಂಜು, ಅದನ್ನ ನೋಡಿ ಅದ ಇದು ಅನ್ಕೊಂಡ್ರ ತಪ್ಪು. ಹವಾಮಾನ ಇಲಾಖೆ ಲೆಕ್ಕದಾಗ 50ರಿಂದ 200 ಮೀಟರ್ ಕಂಡ್ರ ದಟ್ಟ ಮಂಜು, 50 ಮೀಟರಿಗಿಂತ ಕಡಿಮಿ ಕಂಡ್ರ ಅತಿ ದಟ್ಟ. 80ರ ಸ್ಪೀಡಿನ್ಯಾಗ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗತೈತಿ, ಅಂದ್ರ 50 ಮೀಟರ್ ಮುಂದ ಕೆಟ್ಟು ನಿಂತ ಲಾರಿ ಕಂಡ್ರ ನಿಮ್ಮ ಕೈಯಾಗ ಇರೂದು ಎರಡು ಸೆಕೆಂಡ್ ಮ್ಯಾಲೆ ಚೂರು. ಮಳಿ ಬಂದು ಹೋದ ಮ್ಯಾಲೆ, ಮೋಡ ಸರದು ಗಾಳಿ ನಿಂತ ರಾತ್ರಿ, ಹಸಿ ನೆಲದ ಮ್ಯಾಲೆ ಕಟ್ಟೋ ಮಂಜು ಇದು. ಗೋದಿ ಹೊಲಕ್ಕ ನೀರು ಬಿಟ್ಟಿರ್ತಾರ, ಅದೂ ಕೂಡ್ತೈತಿ. ಅದಕ್ಕ ಡೆಲ್ಲಿ-ಜೈಪುರ ಕಡೆ ಮಳಿ ಆಗೇತಿ ಅಂತ ನ್ಯೂಸ್‌ದಾಗ ಬಂದ್ರ ಮರುದಿನದ ಮುಂಜಾನೆ ಮ್ಯಾಲೆ ಭರೋಸಾ ಇಡಬ್ಯಾಡ್ರಿ. ಇಲಾಖೆಯವ್ರು ಜಿಲ್ಲಾವಾರು ಹಳದಿ, ಕಿತ್ತಳಿ, ಕೆಂಪು ಎಚ್ಚರಿಕಿ ಹಾಕ್ತಾರ, ಮೌಸಮ್ ಆ್ಯಪ್‌ನ್ಯಾಗೂ ಬರತೈತಿ, ಹಿಂದಿನ ರಾತ್ರಿ ನೋಡ್ಕೊಂಡ ಮಲಗ್ರಿ.

ನಡುರಾತ್ರಿಯಿಂದ ಮುಂಜಾನೆ ಒಂಬತ್ತು-ಹತ್ತರ ತನಕ ಅದರ ರಾಜ್ಯ, ಬಿಸಿಲು ಏರಿದ್ರ ಹರೀತೈತಿ. ಹಿಂಗಾಗಿನ ಕಡೀ ರಾತ್ರಿ ಜೈಪುರದಾಗ ಮಲಗ್ರಿ ಅನ್ನೂದು. ಆರಾಮ ನಾಷ್ಟಾ ಮಾಡಿ ಹತ್ತಕ್ಕ ಬಿಟ್ರ ದೌಸಾ ಹತ್ರ ಡೆಲ್ಲಿ-ಮುಂಬೈ ಎಕ್ಸ್‌ಪ್ರೆಸ್‌ವೇ ಹತ್ತಿ ಗುರುಗ್ರಾಮದ ಹತ್ರದ ಸೋಹನಾ ಮಧ್ಯಾಹ್ನ ಮೂರು ಗಂಟೆ ಒಳಗ ಮುಟ್ಟತೀರಿ. ಈ ತುಣುಕು 2023ರ ಫೆಬ್ರುವರಿಯೊಳಗ ಓಪನ್ ಆಗಿದ್ದು, ಬೈಕು, ಆಟೋ, ಟ್ರ್ಯಾಕ್ಟರ್ ಬಿಡೂದಿಲ್ಲ, ಕಾರಿಗೆ 120ರ ಲಿಮಿಟ್. ಹಳೇ ರೋಡ್ ಕೋಟಪುತಲಿ, ಬೆಹರೋಡ್, ಮಾನೇಸರ್ ಮ್ಯಾಲಿಂದು, ಲಾರಿ ಮತ್ತ ರಿಪೇರಿ ಕೆಲಸದಿಂದ ತುಂಬಿರತೈತಿ. ಬಿಸಿಲಿದ್ರ ಎಕ್ಸ್‌ಪ್ರೆಸ್‌ವೇ, ಎರಡನೇ ಮಾತಿಲ್ಲ. ಆದ್ರ ಮಂಜು ಹರಿಯೂ ಲಕ್ಷಣ ಕಾಣಲಿಲ್ಲ, ಹೋಗಲಾಕ ಬೇಕು ಅನ್ನೋ ಪರಿಸ್ಥಿತಿ ಬಂತಂದ್ರ ನಾನಾದ್ರ ಹಳೇ ರೋಡ್ ಹಿಡೀತೇನಿ. ಅಲ್ಲೆ ಹೆಜ್ಜಿಗೊಂದು ಧಾಬಾ, ಪೆಟ್ರೋಲ್ ಬಂಕ್, ಕಣ್ಣಿಗೆ ಕಾಣಲಿಲ್ಲಂದ್ರ ಎಡಕ್ಕ ಎಳದು ಒಳಗ ನಿಲ್ಲಸಬಹುದು. ಎಕ್ಸ್‌ಪ್ರೆಸ್‌ವೇದಾಗ ಬೇಕಾದಲ್ಲೆ ನಿಲ್ಲಾಕ ಬರೂದಿಲ್ಲ, ಸೈಡಿಗೆ ನಿಂತ್ರ ಹಿಂದಿನವ ಬಂದು ಗುದ್ತಾನ.

ಸಿಕ್ಕಿ ಹಾಕ್ಕೊಂಡ್ರ ಮಾಡೂದು ಇಷ್ಟು. ಹೈ ಬೀಮ್ ಹಾಕಬ್ಯಾಡ್ರಿ, ಬೆಳಕೆಲ್ಲಾ ಮಂಜಿಗೆ ಬಡದು ಮಾರಿಗೆ ಹೊಳ್ಳಿ ಬರತೈತಿ, ಬಿಳೀ ಪಡದಾ ಕಟ್ಟಿದಂಗ. ಲೋ ಬೀಮ್, ಫಾಗ್ ಲ್ಯಾಂಪ್. ಒಳಗ ಐದು ಮಂದಿ ಉಸರಿಗೆ ಗ್ಲಾಸ್ ಮಬ್ಬಾಗತೈತಿ, ಕೈಯಿಂದ ಒರಸಿದ್ರ ಇನ್ನೂ ಕೆಡತೈತಿ, ಥಂಡಿ ಇದ್ರೂ ಎಸಿ ಹಾಕಿ ಗಾಳಿ ಗ್ಲಾಸಿನ ಕಡೆ ತಿರುವ್ರಿ. ಕಿಡಕಿ ಎರಡು ಬಟ್ಟು ಇಳಸ್ರಿ, ಕಾಣಲಾರದ ಗಾಡಿ ಸಪ್ಪಳಾದ್ರೂ ಕೇಳತೈತಿ. ಹಾಡು ಬಂದ್. ಎಡಗಡೆ ಬಿಳೀ ಪಟ್ಟಿ ನೋಡ್ಕೋತ ಹೋಗ್ರಿ. ಮುಂದಿನ ಲಾರಿಯ ಕೆಂಪು ಲೈಟ್ ಹಿಡಕೊಂಡು ಹೋಗಾವ್ರು ಭಾಳ ಮಂದಿ, ಅದು ಧಾಬಾದೊಳಗ ಹೊಳ್ಳಿದ್ರ ಇವ್ರೂ ಅದರ ಹಿಂದ ಧಾಬಾಕ್ಕ ಹೊಕ್ತಾರ, ನಕ್ಕು ಚಾ ಕುಡದು ಬರಬಹುದು, ಆದ್ರ ಅದು ಒಮ್ಮಿಗೆಲೆ ಬ್ರೇಕ್ ಹಾಕಿದ್ರ ನಗಾಕ ಬರೂದಿಲ್ಲ. ಓಡೂ ಗಾಡಿಗೆ ನಾಕೂ ಇಂಡಿಕೇಟರ್ ಹಾಕಬ್ಯಾಡ್ರಿ, ನಿಂತದ್ದೋ ಓಡಾಕತ್ತದ್ದೋ ಹಿಂದಿನವಗ ತಿಳಿಯೂದಿಲ್ಲ. ಡಿಕ್ಕಿ ಮ್ಯಾಲೆ ಕೆಂಪು ರಿಫ್ಲೆಕ್ಟರ್ ಟೇಪ್ ಊರಾಗನ ಹಚ್ಚಿಸ್ಕೊಂಡ ಹೋಗ್ರಿ. ಮತ್ತ ಹಿಂದಿನ ಗ್ಲಾಸ್ ಮುಚ್ಚೂ ಹಂಗ ಗಂಟು ಮೂಟಿ ಒಟ್ಟಬ್ಯಾಡ್ರಿ.

ಲಾರಿ, ಹೊಗಿ, ಟೋಲು

ಡೆಲ್ಲಿ ಸುತ್ತ ಥಂಡ್ಯಾಗ ಇನ್ನೊಂದು ಪೀಡೆ ಹೊಗಿ. ಎಕ್ಯೂಐ, ಅಂದ್ರ ಗಾಳಿ ಎಷ್ಟು ಕೆಟ್ಟೈತಿ ಅನ್ನೋ ಅಂಕಿ, ಏರಿದಂಗ ಗ್ರಾಪ್ ಅನ್ನೋ ನಿಯಮದ ಪ್ರಕಾರ ಹಂತ ಹಂತವಾಗಿ ನಿರ್ಬಂಧ ಹಾಕ್ತಾರ. ಮೂರನೇ ಹಂತ ಹಾಕಿದ್ರ ಡೆಲ್ಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ನೋಯ್ಡಾ ಇರೋ ಗೌತಮ ಬುದ್ಧ ನಗರ, ಇಲ್ಲೆಲ್ಲಾ ಬಿಎಸ್3 ಪೆಟ್ರೋಲ್, ಬಿಎಸ್4 ಡೀಸೆಲ್ ಕಾರ್ (ಬಿಎಸ್ ಅಂದ್ರ ಗಾಡಿ ಹೊಗಿ ಅಳೆಯೋ ಭಾರತ್ ಸ್ಟೇಜ್, ಅಂಕಿ ಕಡಿಮಿ ಇದ್ದಷ್ಟು ಹಳೇದು) ಓಡಸಾಕ ಬರೂದಿಲ್ಲ. ನಮ್ಮ ಕಡೆ ಹಳೇ ಡೀಸೆಲ್ ಗಾಡಿ ಪ್ರೀತಿಯಿಂದ ಇಟ್ಕೊಂಡವ್ರು ಭಾಳ, ಆರ್‌ಸಿ ತಗದು ನೋಡ್ರಿ. ಬಿಎಸ್4 ಡೀಸೆಲ್ ಇದ್ರ ಯಾವ ರೋಡ್ ಅಂತ ಕೇಳೂಕ್ಕಿಂತ ಮೊದ್ಲ ಆ ಗಾಡಿ ಅಲ್ಲಿಗೆ ಒಯ್ಯಬೇಕೋ ಇಲ್ಲೇ ಮಾರಬೇಕೋ ಅಂತ ಮನ್ಯಾಗ ಮಾತಾಡ್ರಿ.

ನಾಕನೇ ಹಂತ ಹಾಕಿದ್ರ ಬಿಎಸ್6 ಅಲ್ಲದ ಡೀಸೆಲ್ ಲಾರಿನ, ಅಗತ್ಯ ಸಾಮಾನಿಂದು ಬಿಟ್ಟು, ಡೆಲ್ಲಿ ಒಳಗ ಬಿಡೂದಿಲ್ಲ. ನಿಮ್ಮ ಫ್ರಿಜ್ಜು ಮಂಚ ಬಾರ್ಡರ್‌ದಾಗ ನಿಲ್ತಾವು, ದಿನದ ಹಾಲ್ಟಿಂಗ್ ಚಾರ್ಜ್ ಯಾರ ತಲಿ ಮ್ಯಾಲೆ ಅನ್ನೋ ಜಗಳ ಶುರು. ಗಬ್ಬೂರ ಬೈಪಾಸ್ ಕಡೆ ಟ್ರಾನ್ಸ್‌ಪೋರ್ಟ್‌ನವ್ರ ಹತ್ರ ರೇಟ್ ಮಾತಾಡುವಾಗನ ಲಾರಿ ಬಿಎಸ್6 ಐತೋ ಇಲ್ಲೋ, ನಡುವ ಬ್ಯಾರೆ ಲಾರಿಗೆ ಸಾಮಾನು ಬದಲಿ ಮಾಡ್ತಾರೋ, ಹಾಲ್ಟಿಂಗ್ ಯಾರು ಕೊಡಬೇಕು, ಮೂರೂ ಬಿಲ್ಟಿ (ಟ್ರಾನ್ಸ್‌ಪೋರ್ಟ್‌ನವ್ರು ಕೊಡೋ ಸಾಮಾನಿನ ರಸೀದಿ) ಮ್ಯಾಲೆ ಬರಸ್ಕೋರಿ. ಪಾರ್ಟ್ ಲೋಡ್, ಅಂದ್ರ ಬ್ಯಾರೆಯವ್ರ ಸಾಮಾನಿನ ಜೋಡಿ ಒಂದ ಲಾರ್‍ಯಾಗ, ಕಳಿಸಿದ್ರ ತಡಾ ಆಗೇ ಆಗತೈತಿ. ನೀವು ಮುಟ್ಟಿದ ರಾತ್ರಿ ಖಾಲಿ ಫ್ಲಾಟ್‌ದಾಗ ನಾಕೈದು ಡಿಗ್ರಿ ಥಂಡಿ, ಕೆಳಗ ಟೈಲ್ಸ್. ಎರಡು ಕೌದಿ, ಒಂದು ಚಾಪಿ, ಒಂದು ಇಂಡಕ್ಷನ್ ಒಲಿ, ಚಾದ ಬೋಗುಣಿ ಕಾರಿನ್ಯಾಗನ ಇರಲಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಹೆಂಗೂ ಕಟ್ಟಿರ್ತಾರ, ಜಾಮ್ ಆದ್ರ ಅದ ಆಧಾರ.

ಟೋಲಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ತೊಗೊಂಡ್ರ ಲಾಭ ಐತಿ. 2025ರ ಆಗಸ್ಟ್ 15ಕ್ಕ ಶುರು ಮಾಡಿದಾಗ 3,000 ರೂಪಾಯಿ, ಒಂದು ವರ್ಷ ಇಲ್ಲಾ 200 ಟ್ರಿಪ್, ಯಾವುದು ಮೊದ್ಲ ಮುಗೀತೈತೋ ಅದು. ನ್ಯಾಶನಲ್ ಹೈವೇ, ನ್ಯಾಶನಲ್ ಎಕ್ಸ್‌ಪ್ರೆಸ್‌ವೇಕ್ಕ ಅಷ್ಟ ನಡೀತೈತಿ. ಪುಣೆ-ಮುಂಬೈ ಎಕ್ಸ್‌ಪ್ರೆಸ್‌ವೇ, ಸಮೃದ್ಧಿ, ಯಮುನಾ ಮೂರೂ ರಾಜ್ಯದವ್ರ ಕೈಯಾಗಿನವು, ಅಲ್ಲೆ ಬ್ಯಾರೆ ರೊಕ್ಕ ಕಡೀತೈತಿ, ಬ್ಯಾಲೆನ್ಸ್ ಇಟ್ಕೋರಿ. ಈ ಲೆಕ್ಕದಾಗೂ 52 ಸಸ್ತಾ.

ಹಂಗಾರ ಯಾವುದು?

ಇಬ್ಬರು ಗಾಡಿ ಹೊಡಿಯಾವ್ರು ಇದ್ರ, ಹುಡುಗ್ರು ದೊಡ್ಡವಾಗಿದ್ರ 52 ಹಿಡೀರಿ, ಹಗಲ ಮಾತ್ರ ಓಡಸ್ರಿ. ಒಬ್ಬರ ಡ್ರೈವರ್, ಕೂಸು, ಹಿರ್‍ಯಾರು ಅಂದ್ರ 48, ಮುಂಬೈ ಗದ್ದಲ ಸಹಿಸ್ಕೋರಿ, ಇಲ್ಲಂದ್ರ ನಾಶಿಕ್-ಧುಳೆ ಮ್ಯಾಲಿಂದ. ನಾ ಹೋಗೂದಾದ್ರ ಇದ ನಾಶಿಕ್ ದಾರಿ ಹಿಡಿಯಾವ. ಗ್ರೇಟರ್ ನೋಯ್ಡಾಕ್ಕ ಹೋಗಾವ್ರೂ ಜನವರಿಯೊಳಗ ಜೈಪುರ ಮ್ಯಾಲಿಂದನ ಬರ್ರಿ, ಕಡೀಕೆ ಸಿಟಿಯೊಳಗ ಒಂದೂವರಿ ತಾಸು ಹೆಚ್ಗಿ ಹೋದ್ರೂ ಅಡ್ಡಿಯಿಲ್ಲ, 44 ಫೆಬ್ರುವರಿ ಅರ್ಧಾ ಮುಗದ ಮ್ಯಾಲೆ ನೋಡೂಣು. ಹಿರ್‍ಯಾರನ್ನ ಫ್ಲೈಟಿಗೆ ಕಳಸ್ತೇವಿ ಅನ್ನೋರು ಮಧ್ಯಾಹ್ನ ಮುಟ್ಟೂ ಫ್ಲೈಟ್ ನೋಡ್ರಿ, ಡೆಲ್ಲಿ ಮುಂಜಾನೆ ಫ್ಲೈಟು, ಟ್ರೇನು ಎಲ್ಲಾ ಮಂಜಿಗೆ ಲೇಟ್ ಆಗ್ತಾವು.

ಡೇಟ್ ನಿಮ್ಮ ಕೈಯಾಗ ಇದ್ರ ಇನ್ನೊಂದು ಮಾತು. ಧನುರ್ಮಾಸದಾಗ ಹೊಸಾ ಮನಿ ಹೊಗೂದು ಬ್ಯಾಡ, ಸಂಕ್ರಾಂತಿ ಆಗಲಿ ಅಂತ ಮನ್ಯಾಗ ಅಜ್ಜಿ ಹಟ ಹಿಡದಿರ್ತಾಳ. ಈ ಸಲ ಅಕಿ ಮಾತು ಕೇಳ್ರಿ, ಡಿಸೆಂಬರ್ ಕಡೀ ವಾರದಿಂದ ಜನವರಿ ಪೂರ್ತಿ ಮಂಜಿನ ಜೋರು ಇರತೈತಿ, ಫೆಬ್ರುವರಿಗೆ ಸರದ್ರ ಅರ್ಧಾ ತ್ರಾಸು ತಾನ ಕಡಿಮಿ ಆಗತೈತಿ, ಕಂಪನಿಯವ್ರು ಒಪ್ಪಿದ್ರ. ಆ ಟೈಮಿನೊಳಗ ಆರ್‌ಟಿಒಕ್ಕ ಹೋಗಿ ಎನ್‌ಒಸಿ ಕೆಲಸ ಮುಗಸ್ಕೋರಿ. ಕೆಎ 25 ಇರಲಿ, 26, 27, 63 ಯಾವುದರ ಇರಲಿ, ಬ್ಯಾರೆ ರಾಜ್ಯದಾಗ 12 ತಿಂಗಳಿಗಿಂತ ಹೆಚ್ಗಿ ಗಾಡಿ ಇಡೂದಾದ್ರ ಅಲ್ಲೆ ರೀ-ರಿಜಿಸ್ಟ್ರೇಶನ್ ಮಾಡಸಬೇಕು, ಅದಕ್ಕ ಇಲ್ಲಿಂದ ಎನ್‌ಒಸಿ ಬೇಕು, ಲೋನ್ ಇದ್ರ ಬ್ಯಾಂಕಿನ ಪತ್ರಾನೂ ಬೇಕು, ಡೆಲ್ಲಿಯೊಳಗ ಕುಂತು ನವನಗರದ ಆಫೀಸಿಗೆ ಫೋನ್ ಹಚ್ಕೋತ ಕೂಡೂದು ಬ್ಯಾಡ.